ಕ್ಯಾನ್ಸರ್ ಲಸಿಕೆ ಶುರುವಾಗುವುದು ಫಾರ್ಮಲಿನ್ ಡಬ್ಬಿಯಲ್ಲಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಲಸಿಕೆ ಎಂದರೆ ಜನರಿಗೆ ಗೊತ್ತಿರುವುದು ಎರಡು. ಅಂಗನವಾಡಿಯಲ್ಲಿ ಮಗುವಿಗೆ ಹಾಕಿಸುವುದು ಒಂದು, ಕೊಟ್ಟಿಗೆಯಲ್ಲಿ ಹಸುವಿಗೆ ಕಾಲುಬಾಯಿ ಜ್ವರಕ್ಕೆ ಹಾಕಿಸುವುದು ಇನ್ನೊಂದು. ಎರಡಕ್ಕೂ ನಿಯಮ ಒಂದೇ: ರೋಗ ಬರುವ ಮೊದಲೇ ಹಾಕಿಸಬೇಕು. ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿ ಕೊಡುವ ಲಸಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕೊಡುವುದೇ ರೋಗ ಬಂದವರಿಗೆ. ಅದರಲ್ಲೂ ಹೆಚ್ಚಾಗಿ ಗೆಡ್ಡೆ ತೆಗೆಸಿಕೊಂಡವರಿಗೆ. ಮೈಯಲ್ಲಿ ಅಲ್ಲಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ದೇಹವೇ ಹುಡುಕಿ ಕೊಲ್ಲಲಿ ಎಂಬುದು ಉದ್ದೇಶ. ಹಾಗಾಗಿ ಅದು ಮನೆಮಕ್ಕಳಿಗೆಲ್ಲ ಹಾಕಿಸುವಂಥದ್ದಲ್ಲ, ಆಪರೇಷನ್ ತಪ್ಪಿಸುವಂಥದ್ದೂ ಅಲ್ಲ.

ಈ ವ್ಯತ್ಯಾಸ ತಿಳಿಯದೆ ಎಷ್ಟು ಗೊಂದಲವಾಗುತ್ತದೆ ಎಂಬುದು 2025ರ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು. ‘ರಷ್ಯಾದಲ್ಲಿ ಲಸಿಕೆ ಸಿದ್ಧ, ನೂರಕ್ಕೆ ನೂರು ಗುಣ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಅಲ್ಲಿನ ಅಧಿಕಾರಿಗಳು ವ್ಲಾಡಿವೋಸ್ಟಾಕ್‌ನ ಸಮಾವೇಶದಲ್ಲಿ ಹೇಳಿದ್ದು ಮನುಷ್ಯರಿಗೆ ಕೊಡುವ ಮೊದಲಿನ ಹಂತದ ಪರೀಕ್ಷೆಗಳು ಮುಗಿದವು ಎಂದು. ಸುದ್ದಿ ಹರಡುವ ಭರದಲ್ಲಿ ಅದಕ್ಕೆ ‘ಎಂಟರೋಮಿಕ್ಸ್’ ಎಂಬ ಹೆಸರೂ ಅಂಟಿಕೊಂಡಿತು. ಅದು ನಾಲ್ಕು ನಿರುಪದ್ರವಿ ವೈರಸ್‌ಗಳ ಮಿಶ್ರಣ, ಬೇರೆಯದೇ ಯೋಜನೆ. ಇಲಿಗಳ ಕ್ಯಾನ್ಸರನ್ನಂತೂ ವಿಜ್ಞಾನಿಗಳು ದಶಕಗಳಿಂದ ಗುಣಪಡಿಸುತ್ತಲೇ ಇದ್ದಾರೆ. ತೊಡಕು ಶುರುವಾಗುವುದು ಅದಾದ ಮೇಲೆ.

ಆ ತೊಡಕು ಏನೆಂದು ನೋಡಲು ದೂರ ಹೋಗಬೇಕಿಲ್ಲ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಗೂ ದವಡೆಗೂ ನಡುವೆ ಗಂಟೆಗಟ್ಟಲೆ ಒತ್ತರಿಸಿ ಇಟ್ಟುಕೊಳ್ಳುವ ಅಭ್ಯಾಸ ಕೋಲಾರದ ಹಳ್ಳಿಗಳಲ್ಲಿ ಹೆಂಗಸರಲ್ಲೂ ಸಾಮಾನ್ಯ. ರಾತ್ರಿ ಬಾಯಲ್ಲಿ ಇಟ್ಟುಕೊಂಡೇ ಮಲಗುವವರಿದ್ದಾರೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೂ ಅದು ಕ್ಯಾನ್ಸರ್‌ಕಾರಕವೇ. ಆ ತಾಂಬೂಲ ಕುಳಿತ ಜಾಗದಲ್ಲೇ ಹುಟ್ಟುವುದು ಕೆನ್ನೆ ಮತ್ತು ವಸಡಿನ ಕ್ಯಾನ್ಸರ್. ಈ ಗೆಡ್ಡೆಯ ಜೀನ್‌ಗಳನ್ನು ಭಾರತದ ತಂಡವೊಂದು ಓದಿ 2013ರಲ್ಲಿ ಪ್ರಕಟಿಸಿತು. ಟಿಪಿ53, ಕ್ಯಾಸ್ಪ್8, ಫ್ಯಾಟ್1, ನಾಚ್1 ಮುಂತಾದ ಈಗಾಗಲೇ ಗೊತ್ತಿದ್ದ ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಆರಿಡ್2 ಸೇರಿದಂತೆ ಐದು ಹೊಸ ಜೀನ್‌ಗಳಲ್ಲಿ ಪದೇಪದೇ ಬದಲಾವಣೆ ಕಂಡಿತು. ಬದಲಾದ ಜೀನಿನಿಂದ ಹುಟ್ಟುವ ಪ್ರೋಟೀನೇ ಲಸಿಕೆ ದೇಹಕ್ಕೆ ತೋರಿಸಿಕೊಡಬೇಕಾದ ಗುರಿ. ಲಸಿಕೆ ಮಾಡುವವರಿಗೆ ಇದರಲ್ಲಿ ಸಿಗುವ ಸುದ್ದಿ ಅಷ್ಟೇನೂ ಸಿಹಿಯಲ್ಲ. ಜೀನ್ ಒಂದೇ ಆದರೂ ಅದು ಕೆಟ್ಟ ಜಾಗ ಒಬ್ಬೊಬ್ಬರಲ್ಲಿ ಒಂದೊಂದು. ಮಾಲೂರಿನ ರೋಗಿಯ ಟಿಪಿ53ರಲ್ಲಿ ಕೆಟ್ಟ ಡಿಎನ್‌ಎ ಅಕ್ಷರವೇ ಶ್ರೀನಿವಾಸಪುರದ ರೋಗಿಯಲ್ಲೂ ಕೆಟ್ಟಿರುವುದು ಕಡಿಮೆ. ಎಲ್ಲರಿಗೂ ಒಂದೇ ಸೀಸೆಯಿಂದ ಕೊಡುವ ಲಸಿಕೆ ಇಲ್ಲಿ ನಡೆಯುವುದು ಕಷ್ಟ.

ಗರ್ಭಕೊರಳಿನ ಕ್ಯಾನ್ಸರ್ ಇದಕ್ಕೆ ತದ್ವಿರುದ್ಧ. ಅದರ ಮೂಲ ಎಚ್‌ಪಿವಿ ವೈರಸ್. ಇ6, ಇ7 ಎಂಬ ವೈರಸ್ಸಿನ ಎರಡು ಪ್ರೋಟೀನುಗಳು ಗೆಡ್ಡೆಯ ಕೋಶಗಳಲ್ಲಿ ಇರುತ್ತವೆ. ಎಲ್ಲರಿಗೂ ಗುರಿ ಒಂದೇ. ಬರುವ ಮೊದಲು ತಡೆಯಲು ಸೀರಂ ಸಂಸ್ಥೆಯ ಸರ್ವವ್ಯಾಕ್ 2023ರಿಂದ ನಮ್ಮಲ್ಲೇ ಇದೆ. ಬಂದ ಮೇಲೆ ಕೊಡುವ ಲಸಿಕೆಯನ್ನೂ ನೆದರ್ಲೆಂಡ್ಸ್‌ನಲ್ಲಿ ಪ್ರಯತ್ನಿಸಿದರು. 2009ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಯೋನಿದ್ವಾರದ ಚರ್ಮದಲ್ಲಿ ಕ್ಯಾನ್ಸರ್‌ಗೆ ಮುನ್ನಿನ ಹಂತದ ಗಾಯವಿದ್ದ ಹೆಂಗಸರಿಗೆ ಆ ಪ್ರೋಟೀನುಗಳ ಉದ್ದನೆಯ ಚೂರುಗಳ, ಅಂದರೆ ಪೆಪ್ಟೈಡ್‌ಗಳ ಚುಚ್ಚುಮದ್ದು ಕೊಟ್ಟಾಗ, ವರ್ಷದ ಹೊತ್ತಿಗೆ 19 ಮಂದಿಯಲ್ಲಿ 9 ಮಂದಿಯ ಗಾಯ ಪೂರ್ತಿ ಮಾಯವಾಗಿತ್ತು. ಆದರೆ ಅದು ಕ್ಯಾನ್ಸರ್ ಆಗುವ ಮುಂಚಿನ ಹಂತ. ಬಲಿತ ಗೆಡ್ಡೆಯ ಮುಂದೆ ಇಂಥ ಲಸಿಕೆಗಳು ಮಂಕಾಗುತ್ತವೆ. ಈ ಮಾತು ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಸೋಲುಗಳ ಪಟ್ಟಿ ಉದ್ದ

2004ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸನ್‌ಬರ್ಗ್ ತಮ್ಮದೇ ತಂಡ ಲಸಿಕೆ ಕೊಟ್ಟ 440 ರೋಗಿಗಳ ಲೆಕ್ಕ ಮುಂದಿಟ್ಟರು. ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ 2.6 ಮಂದಿಯಲ್ಲಿ. ಹರಡಿದ ದೊಡ್ಡ ಗೆಡ್ಡೆಗಳಿಗೆ ಲಸಿಕೆಯೊಂದನ್ನೇ ಕೊಟ್ಟಿದ್ದರ ಫಲ ಅದು. ಆಮೇಲೆಯೂ ದೊಡ್ಡ ಕಂಪನಿಗಳು ಬಿಡಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಗ್ಲಾಕ್ಸೊ ತಯಾರಿಸಿದ್ದ ಮೇಜ್-ಎ3 ಲಸಿಕೆ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿ 2014ರಲ್ಲಿ ಸೋತಿತು. ಮಿದುಳಿನ ಗೆಡ್ಡೆಗೆಂದು ಮಾಡಿದ ರಿಂಡೊಪೆಪಿಮಟ್ 2016ರಲ್ಲಿ, ಪ್ರಾಸ್ಟೇಟ್‌ಗೆಂದು ಮಾಡಿದ ಪ್ರೋಸ್ಟ್‌ವ್ಯಾಕ್ 2017ರಲ್ಲಿ ಅದೇ ದಾರಿ ಹಿಡಿದವು.

ಕಾರಣ ಒಂದಲ್ಲ. ಮೇಜ್‌ನಂಥ ಗುರಿಗಳು ದೇಹಕ್ಕೆ ಪೂರ್ತಿ ಅಪರಿಚಿತವಲ್ಲ; ‘ನಮ್ಮವರೇ’ ಎಂದು ರೋಗನಿರೋಧಕ ವ್ಯವಸ್ಥೆ ಬಹಳ ಹಿಂದೆಯೇ ಬಿಟ್ಟುಬಿಟ್ಟ ಪ್ರೋಟೀನುಗಳು. ಅವುಗಳ ವಿರುದ್ಧ ಏಳುವ ಟಿ ಕೋಶಗಳು, ಅಂದರೆ ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳು, ಎದ್ದರೂ ಬಲವಾಗಿರುವುದಿಲ್ಲ. ಇನ್ನೊಂದು ಕಾರಣ ಚುಚ್ಚುವ ಮದ್ದಿನಲ್ಲೇ ಇತ್ತು. ಪೆಪ್ಟೈಡ್‌ಗಳನ್ನು ಎಣ್ಣೆಯಂಥ ದ್ರವದಲ್ಲಿ ಕಲಸಿ ಚರ್ಮದಡಿ ಕೊಟ್ಟರೆ ಅದು ಅಲ್ಲೇ ಗಂಟಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹುಟ್ಟಿದ ಟಿ ಕೋಶಗಳು ಗೆಡ್ಡೆಯ ಕಡೆ ಹೋಗದೆ ಚುಚ್ಚಿದ ಜಾಗಕ್ಕೇ ಓಡಿಬಂದು ಅಲ್ಲೇ ಸಾಯುತ್ತವೆ ಎಂಬುದನ್ನು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಬೇಟೆನಾಯಿಯನ್ನು ಸಾಕಿ ಮನೆ ಬಾಗಿಲಲ್ಲೇ ಮಾಂಸ ನೇತುಹಾಕಿದ ಹಾಗೆ.

ಗೆದ್ದದ್ದೂ ಇವೆ. ಹುಟ್ಟಿದ ಮಗುವಿನ ಎಡತೋಳಿಗೆ ಹಾಕುವ ಬಿಸಿಜಿಯ ಅದೇ ಜೀವಂತ ಬ್ಯಾಕ್ಟೀರಿಯಾವನ್ನು ದೊಡ್ಡ ಪ್ರಮಾಣದಲ್ಲಿ ಮೂತ್ರಕೋಶದೊಳಗೆ ಬಿಟ್ಟು, ಎರಡು ಗಂಟೆ ತಡೆದಿಟ್ಟುಕೊಳ್ಳಲು ಹೇಳಿ, ವಾರಕ್ಕೊಂದರಂತೆ ಆರು ಸಲ ಮಾಡುವ ಚಿಕಿತ್ಸೆಯನ್ನು 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ವರದಿ ಮಾಡಿದರು. ಸ್ನಾಯುವಿಗೆ ಇಳಿಯದ ಮೂತ್ರಕೋಶದ ಕ್ಯಾನ್ಸರ್‌ಗೆ ಇಂದಿಗೂ ಅದೇ ಮುಖ್ಯ ಮದ್ದು. 2010ರಲ್ಲಿ ಅಮೆರಿಕ ಒಪ್ಪಿದ ಪ್ರೊವೆಂಜ್ ಬೇರೆ ಬಗೆಯದು. ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ತೆಗೆದು, ಪ್ರಾಸ್ಟೇಟ್‌ನ ಪ್ರೋಟೀನ್ ಜೊತೆ ಹೊರಗೆ ಬೆಳೆಸಿ, ಮರಳಿ ಮೈಗೆ ಹರಿಸುವುದು. ಎರಡು ವಾರಕ್ಕೊಮ್ಮೆ, ಮೂರು ಬಾರಿ. 512 ರೋಗಿಗಳ ಪ್ರಯೋಗದಲ್ಲಿ ಆಯುಸ್ಸಿನ ಮಧ್ಯಮಾಂಕ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 21.7 ತಿಂಗಳಿನಿಂದ 25.8 ತಿಂಗಳಿಗೆ ಏರಿತು. ಬೆಲೆ 93,000 ಡಾಲರ್. ನಾಲ್ಕು ತಿಂಗಳ ಲಾಭಕ್ಕೆ ಅಷ್ಟು ಹಣ ಕೊಡುವವರು ಸಾಕಷ್ಟು ಸಿಗಲಿಲ್ಲ. ತಯಾರಿಸಿದ ಡೆಂಡ್ರಿಯಾನ್ ಕಂಪನಿ 2014ರಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗ ಏನು ಬದಲಾಗಿದೆ

ಮೂರು ಬದಲಾವಣೆಗಳು. ಗುರಿಯಾಗಿ ಈಗ ಆರಿಸುವುದು ಆ ರೋಗಿಯ ಗೆಡ್ಡೆಯಲ್ಲಿ ಮಾತ್ರ ಇರುವ, ಬೇರೆಲ್ಲೂ ಇಲ್ಲದ ಬದಲಾವಣೆಗಳನ್ನು. ಜೊತೆಗೆ ಟಿ ಕೋಶಗಳಿಗೆ ಗೆಡ್ಡೆ ಹಾಕುವ ಬ್ರೇಕನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಿಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗೆಡ್ಡೆ ತೆಗೆದ ಮೇಲೆ, ಉಳಿದದ್ದು ಕಣ್ಣಿಗೆ ಕಾಣದಷ್ಟಿರುವಾಗ ಕೊಡುತ್ತಾರೆ.

ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯನ್ನು ಚರ್ಮದ ಮೆಲನೋಮ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ 157 ಮಂದಿಯಲ್ಲಿ ಪರೀಕ್ಷಿಸಿದರು. 107 ಮಂದಿಗೆ ಎರಡೂ, 50 ಮಂದಿಗೆ ಪೆಂಬ್ರೊಲಿಜುಮ್ಯಾಬ್ ಮಾತ್ರ. ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಲಸಿಕೆ ಪಡೆದವರಲ್ಲಿ ಶೇ 44ರಷ್ಟು, ಮೂರು ವರ್ಷದ ಹೊತ್ತಿಗೆ ಶೇ 49ರಷ್ಟು ಕಡಿಮೆ ಇತ್ತು. ಒಂದೊಂದು ಡೋಸ್ 1 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಒಟ್ಟು ಒಂಬತ್ತರವರೆಗೆ. ಅದೇ ಕಂಪನಿಯ ಕೋವಿಡ್ ಲಸಿಕೆಯ ಮೊದಲ ಡೋಸಿಗೆ ಹೋಲಿಸಿದರೆ ಹತ್ತು ಪಟ್ಟು. ಆದರೂ 157 ಸಣ್ಣ ಸಂಖ್ಯೆ, ಮೊದಲ ವಿಶ್ಲೇಷಣೆಯ ಫಲಿತಾಂಶ ಅಂಕಿಅಂಶದ ಲೆಕ್ಕದಲ್ಲಿ ಅಂಚಿನಲ್ಲಿತ್ತು. ಅದಕ್ಕೇ 2023ರಲ್ಲಿ 1,089 ಮಂದಿಯ ಗುರಿಯಿಟ್ಟುಕೊಂಡು ಮೂರನೇ ಹಂತದ ಪ್ರಯೋಗ ಶುರು ಮಾಡಿದರು.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತೆಗೆಸಿಕೊಂಡ 16 ಮಂದಿಗೆ ಬಯೋಎನ್‌ಟೆಕ್‌ನ ಲಸಿಕೆ ಕೊಟ್ಟಾಗ ಎಂಟು ಮಂದಿಯಲ್ಲಿ ಟಿ ಕೋಶಗಳು ಎದ್ದವು, ಎಂಟರಲ್ಲಿ ಏಳಲಿಲ್ಲ. ಏಳದವರಲ್ಲಿ ರೋಗ ಮರುಕಳಿಸಿದ ಮಧ್ಯಮಾಂಕ 13.4 ತಿಂಗಳು, ಎದ್ದವರಲ್ಲಿ ಮೂರು ವರ್ಷ ದಾಟಿದರೂ ಮರುಕಳಿಸಿದವರು ಅರ್ಧದಷ್ಟಾಗಿರಲಿಲ್ಲ. ಇದನ್ನು ಲಸಿಕೆಯ ಗೆಲುವು ಎಂದೇ ಓದಬೇಕಿಲ್ಲ. ಮೊದಲೇ ಗಟ್ಟಿ ಇದ್ದವರಲ್ಲಿ ಟಿ ಕೋಶವೂ ಎದ್ದಿತು ಎಂದೂ ಓದಬಹುದು.

ಕೋಲಾರಕ್ಕೆ ಹತ್ತಿರದ ಫಲಿತಾಂಶ ಫ್ರಾನ್ಸಿನ ಟ್ರಾನ್ಸ್‌ಜೀನ್ ಕಂಪನಿಯದು. ಎಚ್‌ಪಿವಿಗೆ ಸಂಬಂಧವಿಲ್ಲದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿಸಿದವರಿಗೆ ಅವರವರ ಗೆಡ್ಡೆಯ ಗುರಿಗಳನ್ನು ದುರ್ಬಲಗೊಳಿಸಿದ ವ್ಯಾಕ್ಸಿನಿಯಾ ವೈರಸ್ಸಿನಲ್ಲಿ ಸೇರಿಸಿ ಕೊಟ್ಟರು. ಮೊದಲು ವಾರಕ್ಕೊಂದರಂತೆ ಆರು, ಆಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು 20. ಎರಡು ವರ್ಷ ದಾಟಿದಾಗ ಲಸಿಕೆ ಪಡೆದ 16 ಮಂದಿಯಲ್ಲಿ ಯಾರಿಗೂ ಮರುಕಳಿಸಿರಲಿಲ್ಲ. ಪಡೆಯದ 16ರಲ್ಲಿ ಮೂವರಿಗೆ ಮರುಕಳಿಸಿತ್ತು. ಸೊನ್ನೆಗೂ ಮೂರಕ್ಕೂ ಇರುವ ಅಂತರ ಕಾಕತಾಳೀಯವೂ ಆಗಿರಬಹುದು. ಆದರೆ ನಮ್ಮ ಬಾಯಿಕ್ಯಾನ್ಸರ್ ಇದೇ ಜಾತಿಯದ್ದಾದ್ದರಿಂದ ಗಮನಿಸಬೇಕಾದ ಫಲಿತಾಂಶ.

ಒಬ್ಬರಿಗೆ ಒಂದು ಲಸಿಕೆ ಹೇಗೆ ಆಗುತ್ತದೆ

ಆಪರೇಷನ್ ದಿನ ಕತ್ತರಿಸಿದ ತುಂಡು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದ ಡಬ್ಬಿಗೆ ಹೋಗುತ್ತದಲ್ಲ, ಕೆಲಸ ಶುರುವಾಗುವುದು ಅಲ್ಲಿಂದಲೇ, ಕೆಡುವುದೂ ಅಲ್ಲಿಂದಲೇ. ಇದುವರೆಗೆ ಪಥಾಲಜಿಗೆ ಬೇಕಿದ್ದದ್ದು ಕೋಶದ ಆಕಾರ ಮಾತ್ರ. ಈಗ ಡಿಎನ್‌ಎ ಮತ್ತು ಆರ್‌ಎನ್‌ಎ ಎರಡೂ ಬೇಕು. ತುಂಡು ದೇಹದಿಂದ ಹೊರಬಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು. ಶೇ 10ರ, ಆಮ್ಲೀಯವಾಗದಂತೆ ಬಫರ್ ಹಾಕಿದ ದ್ರಾವಣವೇ ಆಗಬೇಕು. ತುಂಡಿನ ಕನಿಷ್ಠ ಹತ್ತು ಪಟ್ಟು ಇರಬೇಕು. ನಲ್ಲಿ ನೀರು ಬೆರೆಸಿ ತಿಂಗಳುಗಟ್ಟಲೆ ಇಟ್ಟ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ಡಿಎನ್‌ಎ ಚೂರುಚೂರಾಗುತ್ತದೆ. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ. ಅರ್ಧ ದವಡೆಯನ್ನು ಹಾಗೇ ಮುಳುಗಿಸಿಟ್ಟರೆ ಹೊರಗೆ ಗಟ್ಟಿ, ಒಳಗೆ ಕೊಳೆ. ಸೀಳಿ ಇಡಬೇಕು. ನೆನೆಯುವ ಅವಧಿ 6ರಿಂದ 72 ಗಂಟೆ. ಶುಕ್ರವಾರ ಸಂಜೆ ಹಾಕಿದ್ದು, ನಡುವೆ ಹಬ್ಬ ಬಂದು, ಬುಧವಾರ ತೆಗೆದರೆ ಆಗಲೇ ಮೀರಿತು. ಹೆಚ್ಚು ನೆನೆದರೆ ಡಿಎನ್‌ಎಯ ಅಕ್ಷರಗಳೇ ಬದಲಾಗುತ್ತವೆ. ಸಿ ಇದ್ದದ್ದು ಟಿ ಎಂದು ಓದಿಸಿಕೊಳ್ಳುತ್ತದೆ. ಗೆಡ್ಡೆಯಲ್ಲಿ ಇಲ್ಲದ ಬದಲಾವಣೆ ಇದೆ ಎಂದು ತೋರಿ, ಲಸಿಕೆಯಲ್ಲಿ ಅದೂ ಸೇರಿಬಿಡುತ್ತದೆ.

ಬಾಯಿಕ್ಯಾನ್ಸರ್‌ಗೆ ಇನ್ನೊಂದು ಅಡಚಣೆ ಮೂಳೆ. ದವಡೆಯ ಮೂಳೆ ಮೆತ್ತಗಾಗಲು ಲ್ಯಾಬಿನಲ್ಲಿ ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡುತ್ತಾರೆ. ಸ್ಲೈಡ್ ಚೆನ್ನಾಗಿ ಬರುತ್ತದೆ, ಡಿಎನ್‌ಎ ಹಾಳಾಗುತ್ತದೆ. ಇಡಿಟಿಎ ಎಂಬ ರಾಸಾಯನಿಕ ಬಳಸಿದರೆ ಉಳಿಯುತ್ತದೆ, ಆದರೆ ವಾರಗಳು ಹಿಡಿಯುತ್ತವೆ. ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ಆಮ್ಲಕ್ಕೆ ಹಾಕುವ ಮೊದಲೇ ಗೆಡ್ಡೆಯ ಮೆತ್ತನೆಯ ಭಾಗದಿಂದ ಒಂದು ತುಂಡು ತೆಗೆದು, ಮೇಣದಲ್ಲಿ ಹುದುಗಿಸಿ ಬೇರೆ ಬ್ಲಾಕ್ ಮಾಡುವುದು. ಇದಕ್ಕೆ ಬೇಕಾಗುವ ಖರ್ಚು ಒಂದು ಮೇಣದ ಬ್ಲಾಕ್, ಒಂದು ಚೀಟಿ.

ಬ್ಲಾಕ್ ಸರಿ ಇದ್ದರೆ ಮುಂದಿನದು ಓದುವ ಕೆಲಸ. ಅದರಲ್ಲಿ ಗೆಡ್ಡೆಯ ಕೋಶಗಳು ಕನಿಷ್ಠ ಶೇ 20ರಿಂದ 30ರಷ್ಟಿರಬೇಕು. ಗೆಡ್ಡೆಯದ್ದನ್ನೂ ರಕ್ತದ್ದನ್ನೂ ಎರಡನ್ನೂ ಓದಿ, ರಕ್ತದಲ್ಲಿ ಇಲ್ಲದೆ ಗೆಡ್ಡೆಯಲ್ಲಿ ಮಾತ್ರ ಇರುವುದನ್ನು ಬೇರ್ಪಡಿಸುತ್ತಾರೆ. ಆ ಬದಲಾವಣೆಯಿಂದ ನಿಜಕ್ಕೂ ಪ್ರೋಟೀನ್ ತಯಾರಾಗುತ್ತಿದೆಯೇ ಎಂದು ಆರ್‌ಎನ್‌ಎಯಲ್ಲಿ ನೋಡುತ್ತಾರೆ. ಆಮೇಲೆ ಬರುವುದು ಎಚ್‌ಎಲ್‌ಎ. ಕೋಶದೊಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈಗೆ ತಂದು ಟಿ ಕೋಶಕ್ಕೆ ತೋರಿಸುವ ತಟ್ಟೆಗಳು ಇವು. ಟಿ ಕೋಶಕ್ಕೆ ತಟ್ಟೆಯ ಮೇಲೆ ಬಂದದ್ದು ಮಾತ್ರ ಕಾಣುತ್ತದೆ. ಸುಮಾರು ಒಂಬತ್ತು ಅಮೈನೊ ಆಮ್ಲದಷ್ಟು ಉದ್ದದ ಯಾವ ಚೂರು ಯಾರ ತಟ್ಟೆಗೆ ಹಿಡಿಸುತ್ತದೆ ಎಂದು ಊಹಿಸುವುದು ಕಂಪ್ಯೂಟರ್.

ನನ್ನ ಮಟ್ಟಿಗೆ ಇಡೀ ಸರಪಳಿಯಲ್ಲಿ ನಮ್ಮವರಿಗೆ ಹೆಚ್ಚು ನಷ್ಟವಾಗಬಹುದಾದ ಕೊಂಡಿ ಇದು. ಆ ಕಂಪ್ಯೂಟರ್ ಕಲಿತದ್ದು ಬಹುಪಾಲು ಯುರೋಪ್ ಮೂಲದವರ ತಟ್ಟೆಗಳಿಂದ. ಎ 02:01 ಎಂಬ ಬಗೆಯ ತಟ್ಟೆಯ ಬಗ್ಗೆ ಅದಕ್ಕೆ ಚೆನ್ನಾಗಿ ಗೊತ್ತು. ಭಾರತೀಯರಲ್ಲಿ ಎ 02:11, ಎ 33:03, ಎ 24:02, ಎ 11:01 ಹೆಚ್ಚು ಕಾಣುತ್ತವೆ. ಇವುಗಳಲ್ಲಿ ಕೊನೆಯ ಎರಡರ ದತ್ತಾಂಶ ಪರವಾಗಿಲ್ಲ, 02:11ರಂಥದ್ದಕ್ಕೆ ತೆಳು. ಊಹೆ ತಪ್ಪಿದರೆ ಲಸಿಕೆಯಲ್ಲಿ ಸೇರಿಸಿದ ಗುರಿಗಳಲ್ಲಿ ಹೆಚ್ಚಿನವು ತಟ್ಟೆಗೇ ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿಸಿದೆ. ಯಾವ ತಟ್ಟೆ ಎಷ್ಟು ಜನರಲ್ಲಿದೆ ಎಂಬುದು ಅದರಿಂದ ತಿಳಿಯಬಹುದು. ಆ ತಟ್ಟೆಗೆ ಏನು ಹಿಡಿಸುತ್ತದೆ ಎಂಬುದನ್ನು ಲ್ಯಾಬಿನಲ್ಲಿ ಒಂದೊಂದಾಗಿ ಅಳೆದೇ ತಿಳಿಯಬೇಕು. ಮಿಂಚುವ ಕೆಲಸವಲ್ಲ, ಹಾಗಾಗಿ ಹಣವೂ ಸುಲಭಕ್ಕೆ ಬರುವುದಿಲ್ಲ.

ತಯಾರಿಕೆಯ ಭಾಗ ಕೋವಿಡ್ ಕಾಲದಲ್ಲೇ ಪಳಗಿದ್ದು. ಆರಿಸಿದ ಗುರಿಗಳನ್ನೆಲ್ಲ ಒಂದೇ ಸರದಲ್ಲಿ ಪೋಣಿಸಿದ ಡಿಎನ್‌ಎ ಅಚ್ಚು ಮಾಡಿ, ಟಿ7 ಎಂಬ ಕಿಣ್ವದಿಂದ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶಕ್ಕೆ ಸೂಚನೆ ಒಯ್ಯುವ ಆರ್‌ಎನ್‌ಎ) ತೆಗೆದು, ಜೋಡೆಳೆಯಾಗಿ ಉಳಿದ ಆರ್‌ಎನ್‌ಎಯನ್ನು ಸೋಸಿ, ನಾಲ್ಕು ಬಗೆಯ ಕೊಬ್ಬಿನ ಸಣ್ಣ ಹನಿಗಳಲ್ಲಿ ತುಂಬುವುದು. ಜೋಡೆಳೆ ಉಳಿದರೆ ಉರಿಯೂತ ಹೆಚ್ಚಿ ಪ್ರೋಟೀನ್ ತಯಾರಿಯೇ ನಿಲ್ಲುತ್ತದೆ. ಕೊನೆಗೆ ಕ್ರಿಮಿ ಇಲ್ಲವೆಂದು ಖಚಿತಪಡಿಸುವ ಪರೀಕ್ಷೆ; ಹಳೆಯ ಪದ್ಧತಿಯಲ್ಲಿ ಅದೊಂದಕ್ಕೇ 14 ದಿನ. ಎಲ್ಲ ಸೇರಿ ಆರರಿಂದ ಒಂಬತ್ತು ವಾರ.

ಇಷ್ಟು ದಿನ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಬಾಯಿಕ್ಯಾನ್ಸರ್‌ನಲ್ಲಿ ಒಂದು ಅನುಕೂಲವಿದೆ. ಮುಂದುವರಿದ ಗೆಡ್ಡೆಯಾದರೆ ಆಪರೇಷನ್ ಆಗಿ ಆರು ವಾರದೊಳಗೆ ‘ಕರೆಂಟು ಕೊಡುವುದು’, ಅಂದರೆ ರೇಡಿಯೇಷನ್, ಶುರುವಾಗಬೇಕು. ಅದು ಸಾಮಾನ್ಯವಾಗಿ 30 ಸಲ, ಆರು ವಾರ. ಆ ಹನ್ನೆರಡು ವಾರದಲ್ಲಿ ಲಸಿಕೆ ಸಿದ್ಧವಾಗಬಹುದು. ಆದರೆ ಮುಳಬಾಗಿಲಿನಿಂದ ಬೆಂಗಳೂರಿಗೆ ದಿನವೂ ಓಡಾಡಲಾಗದೆ ಹದಿನೈದು ಸಲಕ್ಕೆ ನಿಲ್ಲಿಸಿದವರಿಗೆ ಲಸಿಕೆ ಕೊಟ್ಟು ಪ್ರಯೋಜನ ಕಡಿಮೆ. ಉಳಿದ ರೋಗ ಹಿಡಿಯಷ್ಟಿದ್ದರೆ ಟಿ ಕೋಶ ಸೋಲುತ್ತದೆ.

ಎಲ್ಲ ಸರಿಯಾದರೂ ಗೆಡ್ಡೆಗೆ ತಪ್ಪಿಸಿಕೊಳ್ಳುವ ದಾರಿಗಳಿವೆ. ತಟ್ಟೆಯನ್ನೇ, ಅಂದರೆ ಎಚ್‌ಎಲ್‌ಎ ಜೀನನ್ನೇ ಕಳಚಿ ಬಿಸಾಡುವುದು ಒಂದು. ಗೆಡ್ಡೆಯ ಒಂದು ಮೂಲೆಯಲ್ಲಿ ಮಾತ್ರ ಇದ್ದ ಬದಲಾವಣೆಯನ್ನು ಗುರಿಯಾಗಿಸಿದ್ದರೆ ಉಳಿದ ಮೂಲೆಗಳು ಆರಾಮವಾಗಿ ಬೆಳೆಯುವುದು ಇನ್ನೊಂದು. ಅದಕ್ಕೇ ಒಂದೇ ಜಾಗದಿಂದಲ್ಲ, ಎರಡು ಮೂರು ಜಾಗದಿಂದ ತುಂಡು ತೆಗೆಯುವುದು ಒಳ್ಳೆಯದು.

ಖರ್ಚಿನ ಲೆಕ್ಕ

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿರುವ ಬಯೋವೆಟ್ ಜಾನುವಾರುಗಳ ಲಸಿಕೆ ತಯಾರಿಸುತ್ತದೆ. ಕೋವ್ಯಾಕ್ಸಿನ್‌ಗೂ ಮಾಲೂರಿನಲ್ಲಿ ಘಟಕ ಸಿದ್ಧವಾಗಿತ್ತು. ಅಂದರೆ ಲಸಿಕೆ ತಯಾರಿಕೆ ಕೋಲಾರ ಜಿಲ್ಲೆಗೆ ಹೊಸದಲ್ಲ. ಆದರೆ ಅಲ್ಲಿ ಒಂದು ಬ್ಯಾಚ್‌ಗೆ ಮಾಡುವ ಗುಣಮಟ್ಟ ಪರೀಕ್ಷೆಯ ಖರ್ಚು ಲಕ್ಷಾಂತರ ಡೋಸಿಗೆ ಹಂಚಿಹೋಗುತ್ತದೆ. ಇಲ್ಲಿ ಒಂದು ಬ್ಯಾಚ್ ಎಂದರೆ ಒಬ್ಬ ರೋಗಿ. ಅಷ್ಟೂ ಖರ್ಚು ಅವರೊಬ್ಬರ ಮೇಲೆ. ಎಂಆರ್‌ಎನ್‌ಎ ಅಗ್ಗವಾದರೂ ಈ ಲೆಕ್ಕ ಬದಲಾಗುವುದಿಲ್ಲ. ಆಯುಷ್ಮಾನ್ ಕಾರ್ಡಿನ ಮಿತಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ.

ಹಾಗೆಂದು ಕೈಚೆಲ್ಲಬೇಕಿಲ್ಲ. ಪುಣೆಯ ಜೆನ್ನೋವಾ ಎಂಆರ್‌ಎನ್‌ಎ ಲಸಿಕೆಯನ್ನು ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಇಡಬಹುದೆಂದು ತೋರಿಸಿತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರ್ ಮುಂದುವರಿದ 151 ಮಂದಿಯಲ್ಲಿ ನಡೆಸಿದ ಪ್ರಯೋಗ ಇನ್ನೂ ಮುಖ್ಯ. ನಿವೊಲುಮ್ಯಾಬ್ ಎಂಬ ಬ್ರೇಕ್ ಬಿಡಿಸುವ ದುಬಾರಿ ಔಷಧಿಯನ್ನು ವಾಡಿಕೆಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಮೂರು ವಾರಕ್ಕೆ 20 ಮಿಲಿಗ್ರಾಂ ಮಾತ್ರ, ಬಾಯಿಯಿಂದ ನುಂಗುವ ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಒಂದು ವರ್ಷ ಬದುಕಿದವರು ಮಾತ್ರೆ ಮಾತ್ರ ಪಡೆದವರಲ್ಲಿ ಶೇ 16.3, ಇದನ್ನೂ ಪಡೆದವರಲ್ಲಿ ಶೇ 43.4. ಲಸಿಕೆಯ ಜೊತೆಗಾರ ಔಷಧಿಯನ್ನು ನಮ್ಮ ಜೇಬಿಗೆ ಒಗ್ಗಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇವತ್ತು ರೋಗಿಯ ಮನೆಯವರು ಏನು ಮಾಡಬಹುದು? ‘ನಿಮ್ಮದೇ ರಕ್ತದಿಂದ ಲಸಿಕೆ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಲಕ್ಷಗಳಲ್ಲಿ ಹಣ ಕೇಳಿದರೆ, ಅದು ಒಪ್ಪಿಗೆ ಪಡೆದ ಔಷಧಿಯೇ, ಪ್ರಯೋಗವೇ ಎಂದು ಮೊದಲು ಕೇಳಬೇಕು. ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಪ್ರಯೋಗದಲ್ಲಿರುವ ಔಷಧಿಗೆ ರೋಗಿಯಿಂದಲೇ ಹಣ ಕೇಳುವವರನ್ನು ಅನುಮಾನಿಸಿ. ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಆಗಲೇ ತೋರಿಸಬೇಕು.

ಆಪರೇಷನ್ ಆಗಿದ್ದರೆ ಪಥಾಲಜಿ ರಿಪೋರ್ಟಿನ ಜೊತೆ ಬ್ಲಾಕ್ ಎಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಬೇರೆ ಆಸ್ಪತ್ರೆಗೆ ಒಯ್ಯಲು ಕೇಳಿದರೆ ಸಹಿ ಪಡೆದು ಕೊಡುತ್ತಾರೆ. ಹಾಗೆ ತಂದ ಬ್ಲಾಕನ್ನು ರಿಪೋರ್ಟಿನ ನಕಲಿನ ಜೊತೆ ಗಟ್ಟಿ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಅದು ಮೇಣ. ಐವತ್ತೈದು ಅರವತ್ತು ಡಿಗ್ರಿಗೆ ಕರಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತದೆ.